ಗಾಮಾ ಕಿರಣಗಳು ಜೆಟ್‌ನ ಯಾವ ಜಾಗದಲ್ಲಿ ಹುಟ್ಟುತ್ತವೆ?

ಸಂಜೆಚುಕ್ಕಿ

ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಮೂರು ದಿನಗಳಿಂದ ನೋಡುತ್ತಿದ್ದೇನೆ. ಎರಡೂ 3ಸಿ 279 ಎಂಬ ಕ್ವೇಸಾರ್‌ನವು, ಅಂದರೆ ನಡುವಿನ ದೈತ್ಯ ಕಪ್ಪುಕುಳಿಯ ಬಲದಿಂದ ಬೆಳಗುವ ದೂರದ ಗೆಲಾಕ್ಸಿಯವು. ಒಂದು, ಫರ್ಮಿ ಉಪಗ್ರಹದ ಲ್ಯಾಟ್ ದೂರದರ್ಶಕ ಕೊಟ್ಟ ಗಾಮಾ ಕಿರಣಗಳ ಚಿತ್ರ. ಅದರಲ್ಲಿ ಕಾಣುವುದು ಮಸುಕಾದ ಒಂದು ಮಚ್ಚೆ ಮಾತ್ರ. ಇನ್ನೊಂದು, ಅಮೆರಿಕದ ವಿಎಲ್‌ಬಿಎ ರೇಡಿಯೋ ಜಾಲ 15 ಗಿಗಾಹರ್ಟ್ಸ್‌ನಲ್ಲಿ ಬಿಡಿಸಿದ ನಕ್ಷೆ. ಅದರ ಒಂದು ತುದಿಯಲ್ಲಿ ಪ್ರಖರವಾದ ಬಿಂದು, ಅಲ್ಲಿಂದ ನೈಋತ್ಯಕ್ಕೆ ಹೊರಟ ಸಣ್ಣ ಧಾರೆ (ಇದೇ ಜೆಟ್), ಧಾರೆಯ ಉದ್ದಕ್ಕೂ ಗಂಟುಗಳು.

ಲ್ಯಾಟ್‌ನ ಕಣ್ಣು 1 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಸುಮಾರು 0.8 ಡಿಗ್ರಿಯಷ್ಟು ಮಸುಕು. ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ. ವಿಎಲ್‌ಬಿಎ ಮಾತ್ರ ಒಂದು ಮಿಲಿ ಆರ್ಕ್‌ಸೆಕೆಂಡಿಗಿಂತ (ಡಿಗ್ರಿಯ 36 ಲಕ್ಷದಲ್ಲೊಂದು ಪಾಲು) ಸಣ್ಣದನ್ನೂ ಬಿಡಿಸಿ ತೋರಿಸುತ್ತದೆ. ಎರಡರ ನಡುವೆ ಹತ್ತಿರ ಹತ್ತಿರ ಐವತ್ತು ಲಕ್ಷ ಪಟ್ಟಿನ ವ್ಯತ್ಯಾಸವಿದೆ.

ನನಗಿರುವ ಪ್ರಶ್ನೆಗಳು ಎರಡು. ಜೆಟ್ ಒಂದೇ ಕಡೆಗೆ ಏಕಿದೆ? ಎರಡನೆಯದು ನನ್ನನ್ನು ನಿಜವಾಗಿ ಕಾಡುತ್ತಿರುವುದು: ಆ ಮಸುಕು ಮಚ್ಚೆಯೊಳಗಿನ ಗಾಮಾ ಕಿರಣಗಳು ಈ ನಕ್ಷೆಯ ಯಾವ ಬಿಂದುವಿನಿಂದ ಬಂದವು ಎಂದು ಯಾರಾದರೂ ಬೆರಳಿಟ್ಟು ತೋರಿಸಬಲ್ಲರೇ? ಕಪ್ಪುಕುಳಿಯ ಪಕ್ಕದಿಂದಲೋ, ದೂರದ ಯಾವುದೋ ಗಂಟಿನಿಂದಲೋ?

ರೇಡಿಯೋಕಿವಿ

ಮೊದಲನೆಯ ಪ್ರಶ್ನೆಗೆ ಧೈರ್ಯವಾಗಿ ಉತ್ತರಿಸಬಹುದು. ಜೆಟ್ ಒಂದೇ ಕಡೆಗಿಲ್ಲ, ನಮಗೆ ಒಂದೇ ಕಡೆಯದು ಕಾಣುತ್ತಿದೆ.

ಜೆಟ್‌ನ ದ್ರವ್ಯ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಚಿಮ್ಮುತ್ತದೆ. ಹಾಗೆ ಚಿಮ್ಮುವ ವಸ್ತು ತಾನು ಹೊಮ್ಮಿಸುವ ಬೆಳಕನ್ನು ಸಾಗುವ ದಿಕ್ಕಿನ ಕಿರಿದಾದ ಶಂಕುವಿನೊಳಕ್ಕೆ ತಳ್ಳುತ್ತದೆ. ವೇಗ ಬೆಳಕಿನ ವೇಗದ ಶೇಕಡಾ 99.5 ಎಂದಿಟ್ಟುಕೊಳ್ಳಿ. ಆಗ ಲೊರೆಂಟ್ಜ್ ಅಂಶ (ವೇಗ ಬೆಳಕಿನದಕ್ಕೆ ಎಷ್ಟು ಹತ್ತಿರ ಎಂಬುದರ ಅಳತೆ) 10, ಶಂಕುವಿನ ಅರ್ಧಕೋನ ಸುಮಾರು 6 ಡಿಗ್ರಿ. ಆ ಶಂಕುವಿನ ಅಂಚಿನಲ್ಲಿ ನಾವು ನಿಂತಿದ್ದರೂ, ಚಲನೆಯಿಂದ ಬೆಳಕು ನಮಗೆ ಎಷ್ಟು ತೀವ್ರವಾಗಿ ಕಾಣುತ್ತದೆ ಎಂದು ಹೇಳುವ ಡಾಪ್ಲರ್ ಅಂಶ 10 ಆಗುತ್ತದೆ. ಕಾಣುವ ಪ್ರಖರತೆ ಈ ಅಂಶದ ಸರಿಸುಮಾರು ನಾಲ್ಕನೆಯ ಘಾತದಲ್ಲಿ ಏರುವುದರಿಂದ ನಮ್ಮತ್ತ ಬರುವ ಧಾರೆ ಹತ್ತು ಸಾವಿರ ಪಟ್ಟು ಬೆಳಗುತ್ತದೆ. ಅತ್ತ ಓಡುವ ಧಾರೆ ಲಕ್ಷಕ್ಕೂ ಹೆಚ್ಚು ಪಟ್ಟು ಮಂಕಾಗುತ್ತದೆ. ಅದು ಅಲ್ಲೇ ಇದೆ, ನಮ್ಮ ಉಪಕರಣಗಳಿಗೆ ದಕ್ಕುವುದಿಲ್ಲ.

ಇದೇ ಬಗೆಯ ವಸ್ತುವನ್ನು ಪಕ್ಕದಿಂದ ನೋಡಿದರೆ ಚಿತ್ರವೇ ಬೇರೆ. 1953ರಲ್ಲಿ ಜಾಡ್ರೆಲ್ ಬ್ಯಾಂಕ್‌ನಲ್ಲಿ ರೋಜರ್ ಜೆನ್ನಿಸನ್ ಮತ್ತು ಮೃಣಾಲ್ ಕುಮಾರ್ ದಾಸ್‌ಗುಪ್ತ ಅವರು ಸಿಗ್ನಸ್ ಎ ಎಂಬ ರೇಡಿಯೋ ಆಕರ ಒಂದಲ್ಲ, ಎರಡು ತುಂಡು ಎಂದು ತೋರಿಸಿದರು. ಗೆಲಾಕ್ಸಿಯ ಎರಡೂ ಬದಿಗೆ ಒಂದೊಂದು ದೊಡ್ಡ ರೇಡಿಯೋ ಹಾಲೆ. ಜೆಟ್‌ಗಳು ಹೊತ್ತು ತಂದ ಶಕ್ತಿ ಸುರಿದು ನಿಂತ ಜಾಗಗಳವು. ಅಲ್ಲಿ ದ್ರವ್ಯ ನಿಧಾನಗೊಂಡಿರುವುದರಿಂದ ಡಾಪ್ಲರ್ ಪಕ್ಷಪಾತವಿಲ್ಲ, ಎರಡೂ ಸಮನಾಗಿ ಕಾಣುತ್ತವೆ. ಅಂಥ ಆಕರವನ್ನು ಜೆಟ್‌ನ ಮೂತಿಗೆ ನೇರವಾಗಿ ನಿಂತು ನೋಡಿದರೆ ಸಿಗುವುದೇ ಬ್ಲೇಜಾರ್. ಒಂದೇ ಬಗೆಯ ಆಕರ ನೋಡುವ ಕೋನಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಕಾಣುತ್ತದೆ ಎಂಬ ಈ ಏಕೀಕರಣದ ಲೆಕ್ಕಾಚಾರವನ್ನು ಮೆಗ್ ಅರಿ ಮತ್ತು ಪಾವೊಲೊ ಪಡೊವಾನಿ 1995ರಲ್ಲಿ ಒಟ್ಟುಗೂಡಿಸಿ ಬರೆದರು. ಫರ್ಮಿಯ ಮೊದಲ ಎಂಟು ವರ್ಷಗಳ ಪಟ್ಟಿಯಲ್ಲಿ 5000ಕ್ಕೂ ಹೆಚ್ಚು ಆಕರಗಳಿದ್ದು, ಅವುಗಳಲ್ಲಿ 3000ಕ್ಕೂ ಹೆಚ್ಚು ಬ್ಲೇಜಾರ್‌ಗಳೇ. ಗಾಮಾ ಆಕಾಶ ಎಂದರೆ ಬಹುಮಟ್ಟಿಗೆ ನಮ್ಮತ್ತ ಮುಖ ಮಾಡಿದ ಜೆಟ್‌ಗಳ ಆಕಾಶ.

ಪುಣೆ ಬಳಿಯ ಜಿಎಂಆರ್‌ಟಿಯಂಥ ಕಡಿಮೆ ಆವೃತ್ತಿಯ ರೇಡಿಯೋ ದೂರದರ್ಶಕದಲ್ಲಿ ನೋಡಿದರೆ ಎಷ್ಟೋ ಬ್ಲೇಜಾರ್‌ಗಳ ಸುತ್ತ ಮಂಕಾದ ಪ್ರಭಾವಳಿ ಕಾಣುತ್ತದೆ. ಅದು ನಮ್ಮತ್ತ ತಿರುಗಿರುವ ಆ ಹಾಲೆಯೇ. ಮೊದಲ ಬಾರಿ ಅದನ್ನು ಕಂಡಾಗ ಏಕೀಕರಣ ನನ್ನ ಪಾಲಿಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ.

ಹೊಸಹೆಜ್ಜೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈ ಗಂಟುಗಳು ಬೆಳಕಿಗಿಂತ ಹತ್ತಿಪ್ಪತ್ತು ಪಟ್ಟು ವೇಗವಾಗಿ ಚಲಿಸುತ್ತವೆ ಎಂದು ಓದಿದ್ದೇನೆ. ಅದು ಭೌತಶಾಸ್ತ್ರಕ್ಕೇ ವಿರುದ್ಧವಲ್ಲವೇ?

ಗಣಿತಪ್ರಿಯ

ವಿರುದ್ಧವಲ್ಲ, ಲೆಕ್ಕ ಮಾಡಿ ನೋಡೋಣ. ಒಂದು ಗಂಟು ಬೆಳಕಿನ ವೇಗದ ಶೇಕಡಾ 99ರಲ್ಲಿ, ನಮ್ಮ ದೃಷ್ಟಿರೇಖೆಗೆ 10 ಡಿಗ್ರಿ ಓರೆಯಾಗಿ 100 ವರ್ಷ ಸಾಗಲಿ. ಅದು ನಮ್ಮ ಕಡೆಗೆ 97.5 ಜ್ಯೋತಿರ್ವರ್ಷ ಹತ್ತಿರ ಬಂದಿರುತ್ತದೆ, ಅಡ್ಡಕ್ಕೆ 17.2 ಜ್ಯೋತಿರ್ವರ್ಷ ಸರಿದಿರುತ್ತದೆ. ಹೊರಟಾಗ ಚೆಲ್ಲಿದ ಬೆಳಕು ನೂರು ವರ್ಷ ಮುಂದೆ ಓಡಿದೆ ನಿಜ, ಆದರೆ ಗಂಟು ಅದರ ಬೆನ್ನಿಗೇ ಇದೆ. ಕೊನೆಯಲ್ಲಿ ಚೆಲ್ಲಿದ ಬೆಳಕು ಮೊದಲಿನ ಬೆಳಕಿಗಿಂತ ಎರಡೂವರೆ ವರ್ಷ ಮಾತ್ರ ತಡವಾಗಿ ನಮ್ಮನ್ನು ಮುಟ್ಟುತ್ತದೆ. ಎರಡೂವರೆ ವರ್ಷದಲ್ಲಿ 17 ಜ್ಯೋತಿರ್ವರ್ಷ ಸರಿದಂತೆ ನಮಗೆ ಕಾಣುತ್ತದೆ, ಅಂದರೆ ಬೆಳಕಿನ ವೇಗದ ಸುಮಾರು ಏಳು ಪಟ್ಟು.

ಮಾರ್ಟಿನ್ ರೀಸ್ ಇದನ್ನು 1966ರಲ್ಲೇ, ಯಾರೂ ಕಣ್ಣಾರೆ ಕಾಣುವ ಮೊದಲೇ ಹೇಳಿದ್ದರು. 1971ರ ಹೊತ್ತಿಗೆ ಖಂಡದಗಲ ಹರಡಿದ ರೇಡಿಯೋ ದೂರದರ್ಶಕಗಳು 3ಸಿ 279 ಮತ್ತು 3ಸಿ 273ರಲ್ಲಿ ಅದನ್ನೇ ಕಂಡವು. ಕಾಗದದ ಮೇಲಿನ ಮೂರು ಸಾಲಿನ ತ್ರಿಕೋನಮಿತಿ ಆಕಾಶದಲ್ಲಿ ಹಾಗೇ ಸಿಕ್ಕಿತಲ್ಲ ಎಂಬುದು ಪ್ರತಿಸಲ ನೆನೆದಾಗಲೂ ನನಗೆ ಪುಳಕ ತರುತ್ತದೆ.

ನಾವು ನೋಡುವ ಕೋನ ಕಿರಿದಾದಷ್ಟೂ ಜೆಟ್ ಅಗಲವಾಗಿ ಕಾಣುತ್ತದೆ ಎಂಬುದನ್ನೂ ನೆನಪಿಡಿ. ನಿಜವಾದ ಹರವು ಒಂದೆರಡು ಡಿಗ್ರಿ ಇದ್ದರೂ ನಕ್ಷೆಯಲ್ಲಿ ಅದು ಹತ್ತಾರು ಡಿಗ್ರಿ ಬಿಚ್ಚಿಕೊಂಡಂತೆ ತೋರುತ್ತದೆ. ವಿಎಲ್‌ಬಿಎಯ ಮೊಜಾವೆ ಸಮೀಕ್ಷೆಯಲ್ಲಿ ಫರ್ಮಿ ಗುರುತಿಸಿದ ಕ್ವೇಸಾರ್‌ಗಳ ಜೆಟ್‌ಗಳು ಉಳಿದವಕ್ಕಿಂತ ಅಗಲವಾಗಿಯೂ ಹೆಚ್ಚು ವೇಗವಾಗಿಯೂ ಕಂಡಿದ್ದು ಇದೇ ಕಾರಣಕ್ಕೆ.

ಬಾಹ್ಯರೇಖೆ

ನಕ್ಷೆಯ ಬಗ್ಗೆ ಒಂದು ಮಾತು, ಏಕೆಂದರೆ ನಾನು ಅವನ್ನು ತಯಾರಿಸುವ ಕೆಲಸದಲ್ಲಿದ್ದೇನೆ. ಸಂಜೆಚುಕ್ಕಿ ಅವರೇ, ನೀವು ನೋಡುತ್ತಿರುವುದು ಫೋಟೋ ಅಲ್ಲ. ವಿಎಲ್‌ಬಿಎಯಲ್ಲಿ 25 ಮೀಟರ್ ವ್ಯಾಸದ ಹತ್ತು ತಟ್ಟೆಗಳಿವೆ, ಹವಾಯಿಯಿಂದ ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದವರೆಗೆ 8000 ಕಿಲೋಮೀಟರಿಗೂ ಹೆಚ್ಚು ದೂರ ಹರಡಿವೆ. ಒಂದೊಂದು ಜೋಡಿ ತಟ್ಟೆಯೂ ಚಿತ್ರದ ಒಂದೊಂದು ತುಣುಕನ್ನಷ್ಟೇ ಕೊಡುತ್ತದೆ. ಮೇಲಾಗಿ ಪ್ರತಿ ತಟ್ಟೆಯ ನೆತ್ತಿಯ ಮೇಲಿರುವ ನೀರಾವಿ ಅಲೆಯ ಪ್ರಾವಸ್ಥೆಯನ್ನು, ಅಂದರೆ ಅಲೆಯ ಏರಿಳಿತ ಬಂದು ಮುಟ್ಟುವ ಹೊತ್ತನ್ನು, ಅಲುಗಾಡಿಸಿಬಿಡುತ್ತದೆ.

ಇದಕ್ಕೆ ಪರಿಹಾರವಿದೆ. ಮೂರು ತಟ್ಟೆಗಳ ತ್ರಿಕೋನದ ಸುತ್ತ ಪ್ರಾವಸ್ಥೆಗಳನ್ನು ಕೂಡಿದರೆ ಒಂದೊಂದು ತಟ್ಟೆಯ ದೋಷ ತಾನಾಗಿ ಹೊಡೆದುಹೋಗಿ ಆಕಾಶದ ಮಾಹಿತಿ ಮಾತ್ರ ಉಳಿಯುತ್ತದೆ. ಈ ಉಪಾಯವೂ ಮೇಲೆ ಹೆಸರು ಬಂದ ಜೆನ್ನಿಸನ್ ಅವರದೇ. ಆಮೇಲೆ ಒಂದು ಮಾದರಿಯಿಂದ ಹೊರಟು, ದತ್ತಾಂಶವನ್ನು ಅದಕ್ಕೆ ಹೊಂದಿಸುತ್ತ, ಮಾದರಿಯನ್ನು ತಿದ್ದುತ್ತ ಹೋಗುತ್ತೇವೆ.

ನನ್ನ ಮೊದಲ ವರ್ಷದಲ್ಲಿ ಒಂದು ಬ್ಲೇಜಾರ್‌ನ ನಕ್ಷೆಯಲ್ಲಿ ಎದುರು ಜೆಟ್, ಅಂದರೆ ನಮ್ಮಿಂದ ಅತ್ತ ಓಡುವ ಧಾರೆ, ಕಂಡಿತು. ಕೋರ್‌ನ (ನಕ್ಷೆಯ ಆ ಪ್ರಖರ ಬಿಂದುವಿನ) ಆಚೆ ಬದಿಗೆ ಸಮಾನ ಪ್ರಖರತೆಯನ್ನು ಗುರುತಿಸುವ ಅಚ್ಚುಕಟ್ಟಾದ ಮೂರು ರೇಖೆಗಳು, ಗದ್ದಲದ ಮಟ್ಟಕ್ಕಿಂತ ಸ್ಪಷ್ಟವಾಗಿ ಮೇಲೆ. ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ನಮ್ಮ ಮಾರ್ಗದರ್ಶಕರು ನಕ್ಷೆಯನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಮೊದಲ ಮಾದರಿ ಯಾವುದಿತ್ತು?” ಒಂದೇ ಬಿಂದುವಿನಿಂದ ಹೊರಟಿದ್ದೆ. ಬಿಂದು ಎಂದರೆ ಸಂಪೂರ್ಣ ಸಮಮಿತಿ. ದತ್ತಾಂಶವನ್ನು ಅದಕ್ಕೆ ಹೊಂದಿಸಿದಾಗ ನಿಜವಾದ ಜೆಟ್‌ನ ಒಂದು ಪಾಲು ಕನ್ನಡಿಯ ಬಿಂಬದಂತೆ ಎದುರು ಬದಿಗೆ ಹೋಗಿ ಕುಳಿತಿತ್ತು. ನಿಜವಾದ ಜೆಟ್‌ನ ಮೇಲಷ್ಟೇ ಕ್ಲೀನ್ ಕಿಟಕಿ (ಮಾದರಿಗೆ ಬೆಳಕು ಸೇರಿಸಬಹುದಾದ ಜಾಗದ ಗಡಿ) ಇಟ್ಟು, ನಾಲ್ಕೈದು ಸುತ್ತು ಮತ್ತೆ ತಿದ್ದಿದೆ. ಒಂದೊಂದು ಸುತ್ತಿಗೂ ಆ ಮೂರು ರೇಖೆಗಳು ಎರಡಾದವು, ಒಂದಾದವು, ಕೊನೆಗೆ ಇಲ್ಲವಾದವು. ಅಂದಿನಿಂದ ಎದುರು ಜೆಟ್ ಕಂಡಿದೆ ಎಂಬ ಯಾವ ಪ್ರಬಂಧವನ್ನು ಓದಿದರೂ ಮೊದಲು ಹುಡುಕುವುದು ಆ ಪ್ರಶ್ನೆಗೆ ಉತ್ತರವನ್ನು.

ಸಂಜೆಚುಕ್ಕಿ

ಬಾಹ್ಯರೇಖೆ ಅವರೇ, ನಿಮ್ಮ ಅನುಭವ ಓದಿ ನಕ್ಷೆಯ ಮೇಲಿನ ಗೌರವ ಹೆಚ್ಚಾಯಿತು. ಎರಡನೆಯ ಪ್ರಶ್ನೆಗೆ ಬರೋಣವೇ? ಆ ಪ್ರಖರ ಬಿಂದುವೇ ಕಪ್ಪುಕುಳಿ ಇರುವ ಜಾಗ ಎಂದುಕೊಂಡಿದ್ದೇನೆ. ಗಾಮಾ ಅಲ್ಲಿಂದಲೇ ಹೊರಡುತ್ತಿರಬೇಕಲ್ಲವೇ?

ರೇಡಿಯೋಕಿವಿ

ಅದನ್ನು ಮೊದಲು ತಿದ್ದಿಕೊಳ್ಳಬೇಕು. ಕೋರ್ ಕಪ್ಪುಕುಳಿಯಲ್ಲ. ಜೆಟ್‌ನ ಬುಡದಲ್ಲಿ ಎಲೆಕ್ಟ್ರಾನ್‌ಗಳ ಸಾಂದ್ರತೆ ಎಷ್ಟಿದೆಯೆಂದರೆ ಅವು ತಾವೇ ಹೊಮ್ಮಿಸಿದ ರೇಡಿಯೋ ಅಲೆಗಳನ್ನು ಹೀರಿಕೊಳ್ಳುತ್ತವೆ. ಧಾರೆ ತಿಳಿಯಾಗಿ ಅಲೆ ಹೊರಬೀಳುವ ಮೊದಲ ಜಾಗವೇ ನಕ್ಷೆಯಲ್ಲಿ ಕೋರ್ ಆಗಿ ಕಾಣುತ್ತದೆ. ಆವೃತ್ತಿ ಏರಿಸಿದಂತೆ ಹೀರಿಕೊಳ್ಳುವ ಆ ಎಲೆಕ್ಟ್ರಾನ್ ಮಂಜು ತೆಳುವಾದಂತಾಗಿ ಕೋರ್ ಬುಡದತ್ತ ಸರಿಯುತ್ತದೆ. 2011ರಲ್ಲಿ ಎಂ87 ಗೆಲಾಕ್ಸಿಯಲ್ಲಿ ಈ ಸರಿತವನ್ನು ಹಲವು ಆವೃತ್ತಿಗಳಲ್ಲಿ ಅಳೆದಾಗ 43 ಗಿಗಾಹರ್ಟ್ಸ್ ಕೋರ್ ಕಪ್ಪುಕುಳಿಯಿಂದ ಅದರ ತ್ರಿಜ್ಯದ ಸುಮಾರು ಇಪ್ಪತ್ತು ಪಟ್ಟು ದೂರದಲ್ಲಷ್ಟೇ ಇದೆ ಎಂದು ಗೊತ್ತಾಯಿತು. ಆದರೆ ಬ್ಲೇಜಾರ್‌ಗಳಲ್ಲಿ ಇದೇ ಕೋರ್ ಹಲವು ಜ್ಯೋತಿರ್ವರ್ಷ ಆಚೆ ಇರಬಹುದು.

ಸಪ್ತರ್ಷಿ

ನಾನು ಗಾಮಾ ಕಡೆಯವನು, ನಮ್ಮ ವಾದವನ್ನು ಹೇಳುತ್ತೇನೆ. ಗಾಮಾ ದೂರದರ್ಶಕಕ್ಕೆ ಜಾಗ ತಿಳಿಯದಿದ್ದರೂ ಹೊತ್ತು ಚೆನ್ನಾಗಿ ತಿಳಿಯುತ್ತದೆ. 2006ರ ಜುಲೈನಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳು ಪಿಕೆಎಸ್ 2155−304 ಎಂಬ ಬ್ಲೇಜಾರ್ ಎರಡು ಮೂರು ನಿಮಿಷಗಳ ಅಳತೆಯಲ್ಲಿ ಏರಿಳಿಯುವುದನ್ನು ಕಂಡವು. ಬೆಳಕು ಮೂರು ನಿಮಿಷದಲ್ಲಿ ಸುಮಾರು 5.4 ಕೋಟಿ ಕಿಲೋಮೀಟರ್ ಸಾಗುತ್ತದೆ. ನೂರು ಕೋಟಿ ಸೂರ್ಯರ ತೂಕದ ಕಪ್ಪುಕುಳಿಯ ತ್ರಿಜ್ಯವೇ 300 ಕೋಟಿ ಕಿಲೋಮೀಟರ್. ಮಿನುಗಿದ ಜಾಗ ಕಪ್ಪುಕುಳಿಗಿಂತಲೂ ಚಿಕ್ಕದು ಎಂದಂತಾಯಿತು! ಜಾಗದ ನಿಜವಾದ ಅಳತೆ ಡಾಪ್ಲರ್ ಅಂಶದಷ್ಟು ಪಟ್ಟು ದೊಡ್ಡದಿರಬಹುದಾದ್ದರಿಂದ, ಆ ಅಂಶ 50ರ ಆಸುಪಾಸು ಇದ್ದರೆ ಮಾತ್ರ ಲೆಕ್ಕ ಹೊಂದುತ್ತದೆ. ಧಾರೆ ಸಾಗಿದಷ್ಟೂ ಹಿಗ್ಗುವುದರಿಂದ ಇಷ್ಟು ಚಿಕ್ಕ ಜಾಗ ಬುಡದ ಹತ್ತಿರವೇ ಇರಬೇಕು ಎಂಬುದು ಸಹಜವಾದ ಊಹೆ.

ಇದಕ್ಕೆ ಅಡ್ಡ ಬರುವ ಸಂಗತಿಯನ್ನೂ ನಾನೇ ಹೇಳಬೇಕು. 3ಸಿ 279ರಂಥ ಕ್ವೇಸಾರ್‌ಗಳ ಬುಡದ ಸುತ್ತ ಪ್ರಖರವಾಗಿ ಬೆಳಗುವ ಅನಿಲದ ಮೋಡಗಳಿವೆ. ಅವುಗಳ ಬೆಳಕಿಗೆ ಡಿಕ್ಕಿ ಹೊಡೆಯುವ ಹೆಚ್ಚಿನ ಶಕ್ತಿಯ ಗಾಮಾ ಫೋಟಾನ್ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಯಾಗಿ ಒಡೆದುಹೋಗುತ್ತದೆ. ಗಾಮಾ ಕಿರಣ ಮೋಡಗಳ ಒಳಗೆ ಹುಟ್ಟಿದ್ದರೆ ರೋಹಿತದ ಮೇಲ್ತುದಿ ಕತ್ತರಿಸಿದಂತೆ ಇಳಿಯಬೇಕಿತ್ತು. ಫರ್ಮಿಯ ದತ್ತಾಂಶದಲ್ಲಿ ಬಹುಪಾಲು ಕ್ವೇಸಾರ್‌ಗಳಲ್ಲಿ ಅಂಥ ಇಳಿತವೇ ಇಲ್ಲ.

ರೇಡಿಯೋಕಿವಿ

ಆ ಕೊನೆಯ ಮಾತನ್ನು ನೀವೇ ಹೇಳಿದ್ದಕ್ಕೆ ವಂದನೆಗಳು. ನನ್ನ ಪಕ್ಷ ಅಲ್ಲಿಂದಲೇ ಶುರುವಾಗುತ್ತದೆ: ಗಾಮಾ ಹುಟ್ಟುವುದು ದೂರದಲ್ಲಿ, 43 ಗಿಗಾಹರ್ಟ್ಸ್ ಕೋರ್‌ನ ಬಳಿ.

ಅಲನ್ ಮಾರ್ಷರ್ ಮತ್ತು ಸಂಗಡಿಗರು ವರ್ಷಗಟ್ಟಲೆ, ತಿಂಗಳು ಬಿಡದೆ, 43 ಗಿಗಾಹರ್ಟ್ಸ್‌ನಲ್ಲಿ ಬ್ಲೇಜಾರ್‌ಗಳ ನಕ್ಷೆ ತೆಗೆದಿದ್ದಾರೆ. 2009ರಲ್ಲಿ ಪಿಕೆಎಸ್ 1510−089 ಒಂದರ ಹಿಂದೊಂದು ಗಾಮಾ ಭುಗಿಲುಗಳನ್ನು ಎಬ್ಬಿಸಿದಾಗ ಅದರ ಗೋಚರ ಬೆಳಕಿನ ಧ್ರುವೀಕರಣದ ದಿಕ್ಕು (ಬೆಳಕಿನ ಅಲೆ ಕಂಪಿಸುವ ದಿಕ್ಕು) 50 ದಿನಗಳಲ್ಲಿ 720 ಡಿಗ್ರಿ, ಅಂದರೆ ಪೂರ್ತಿ ಎರಡು ಸುತ್ತು ತಿರುಗಿತು. ಆ ಸುತ್ತು ಮುಗಿಯುವ ಹೊತ್ತಿಗೆ ಹೊಸದೊಂದು ಗಂಟು ಕೋರ್ ದಾಟಿ ಹೊರಬಿತ್ತು. ಸುರುಳಿಯಾದ ಕಾಂತಕ್ಷೇತ್ರದೊಳಗೆ ಒಂದು ಗಂಟು ಸುತ್ತುತ್ತ ಮೇಲೇರಿ, ಕೋರ್‌ನಲ್ಲಿ ನಿಂತಿರುವ ಆಘಾತ ತರಂಗಕ್ಕೆ ಅಪ್ಪಳಿಸಿದ ಚಿತ್ರವಿದು. 3ಸಿ 279ರಲ್ಲೂ ಅದೇ ವರ್ಷ ಗಾಮಾ ಭುಗಿಲಿನ ಜೊತೆಗೆ ಧ್ರುವೀಕರಣ 20 ದಿನಗಳಲ್ಲಿ 208 ಡಿಗ್ರಿ ತಿರುಗಿತ್ತು.

ಗಾಮಾ ಭುಗಿಲು ಯಾವಾಗ ಎದ್ದಿತೆಂದು ಉಪಗ್ರಹ ಹೇಳುತ್ತದೆ, ಆಗ ಜೆಟ್‌ನ ಯಾವ ಜಾಗದಲ್ಲಿ ಏನು ನಡೆಯುತ್ತಿತ್ತೆಂದು ರೇಡಿಯೋ ನಕ್ಷೆ ಹೇಳುತ್ತದೆ. ಸಂಜೆಚುಕ್ಕಿ ಅವರ ಎರಡು ಚಿತ್ರಗಳನ್ನು ಬೆಸೆಯುವ ದಾರ ಕಾಲವೊಂದೇ.

ಬಾಹ್ಯರೇಖೆ

ದಾರ ಕಾಲವೇ, ಒಪ್ಪುತ್ತೇನೆ. ಆದರೆ ಆ ದಾರ ಎಷ್ಟು ಗಟ್ಟಿ ಎಂದು ಕೇಳಲೇಬೇಕು. ಕೆಲವು ಬ್ಲೇಜಾರ್‌ಗಳು ವರ್ಷಕ್ಕೆ ಎರಡು ಮೂರು ಗಂಟುಗಳನ್ನು ಉಗುಳುತ್ತವೆ, ಗಾಮಾ ಭುಗಿಲುಗಳೂ ಅಷ್ಟೇ ಪದೇಪದೇ ಬರುತ್ತವೆ. ಗಂಟು ಕೋರ್ ದಾಟಿದ ದಿನಾಂಕದಲ್ಲೇ ವಾರಗಟ್ಟಲೆ ಅನಿಶ್ಚಿತತೆ ಇರುವಾಗ, ಸಂಬಂಧವೇ ಇಲ್ಲದ ಎರಡು ಘಟನೆಗಳೂ ಜೋಡಿಯಾಗಿ ಕಾಣಬಹುದು. ಮೊಜಾವೆ ಆಕರಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಗಾಮಾ ಮೊದಲು, ರೇಡಿಯೋ ಕೆಲವು ವಾರ ಅಥವಾ ತಿಂಗಳ ಬಳಿಕ ಎಂಬ ಒಲವು ಕಾಣುತ್ತದೆ, ನಿಜ. ಒಂದೊಂದೇ ಆಕರವನ್ನು ಹಿಡಿದು ಕಟ್ಟುನಿಟ್ಟಾಗಿ ಪರೀಕ್ಷಿಸಿದರೆ ಗಟ್ಟಿಯಾಗಿ ನಿಲ್ಲುವವು ಬೆರಳೆಣಿಕೆಯಷ್ಟು.

ಎಂ87 ನಮಗೆಲ್ಲ ಪಾಠ ಹೇಳುವ ಗೆಲಾಕ್ಸಿ. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರವಷ್ಟೇ ಆದ್ದರಿಂದ ಅಲ್ಲಿ ಒಂದು ಮಿಲಿ ಆರ್ಕ್‌ಸೆಕೆಂಡ್ ಎಂದರೆ ಜ್ಯೋತಿರ್ವರ್ಷದ ಕಾಲು ಭಾಗ. 3ಸಿ 279ರಲ್ಲಿ ಅದೇ ಅಳತೆ 20 ಜ್ಯೋತಿರ್ವರ್ಷವಾಗುತ್ತದೆ. 1918ರಲ್ಲಿ ಹೀಬರ್ ಕರ್ಟಿಸ್ ಅಲ್ಲೊಂದು ನೆಟ್ಟನೆಯ ಕಿರಣವಿದೆ ಎಂದು ಗುರುತು ಹಾಕಿಕೊಂಡರು, ಅದೇ ನಾವು ನೋಡಿದ ಮೊದಲ ಜೆಟ್. 2005ರಲ್ಲಿ ಎಂ87 ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಭುಗಿಲೆದ್ದಾಗ ಕೋರ್‌ನಿಂದ ನೂರಾರು ಜ್ಯೋತಿರ್ವರ್ಷ ದೂರದ ಎಚ್‌ಎಸ್‌ಟಿ-1 ಎಂಬ ಗಂಟು ಎಕ್ಸ್ ಕಿರಣಗಳಲ್ಲಿ ಉತ್ತುಂಗದಲ್ಲಿತ್ತು, ಹಲವರು ಅದನ್ನೇ ಕಾರಣವೆಂದರು. 2008ರಲ್ಲಿ ಮತ್ತೆ ಭುಗಿಲೆದ್ದಾಗ ಆ ಗಂಟು ಸುಮ್ಮನಿತ್ತು, ರೇಡಿಯೋ ಕೋರ್ ಬೆಳಗಿತು. 2010ರಲ್ಲಿ ಇನ್ನೊಮ್ಮೆ ಎದ್ದಾಗ ರೇಡಿಯೋ ಕೋರ್ ಹಾಗೆ ಬೆಳಗಲಿಲ್ಲ. ಒಂದೇ ಗೆಲಾಕ್ಸಿ, ಮೂರು ಭುಗಿಲು, ಮೂರು ಬಗೆಯ ರೇಡಿಯೋ ಸಾಕ್ಷ್ಯ. ಗಾಮಾಕ್ಕೆ ಒಂದೇ ವಿಳಾಸವಿದೆ ಎಂದು ನಾವು ಹಟ ಹಿಡಿದಿರುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಗಣಿತಪ್ರಿಯ

ಸಪ್ತರ್ಷಿ ಅವರು 50 ಎಂದ ಡಾಪ್ಲರ್ ಅಂಶದಲ್ಲಿ ಇನ್ನೊಂದು ತೊಡಕಿದೆ. ಟೆರಾ ಎಲೆಕ್ಟ್ರಾನ್‌ವೋಲ್ಟ್ ಗಾಮಾ ಸೂಸುವ ಮಾರ್ಕೇರಿಯನ್ 421, ಮಾರ್ಕೇರಿಯನ್ 501ರಂಥ ಬ್ಲೇಜಾರ್‌ಗಳ ರೇಡಿಯೋ ಗಂಟುಗಳು ಮಹಾವೇಗದಲ್ಲಿ ಓಡುವುದನ್ನು ಕಾಣಬೇಕಿತ್ತು. ಅವು ಬೆಳಕಿನ ವೇಗವನ್ನೂ ಮುಟ್ಟದೆ ತೆವಳುತ್ತವೆ, ಕೆಲವು ನಿಂತೇ ಬಿಟ್ಟಿವೆ. ಗಾಮಾ ಕೇಳುವ ವೇಗವೂ ರೇಡಿಯೋ ತೋರಿಸುವ ವೇಗವೂ ಒಂದಕ್ಕೊಂದು ಹೊಂದುವುದಿಲ್ಲ. ಇದನ್ನು ಡಾಪ್ಲರ್ ಬಿಕ್ಕಟ್ಟು ಎನ್ನುತ್ತಾರೆ.

ನನಗೆ ಮನಸ್ಸೊಪ್ಪುವ ಉತ್ತರ ಎರಡು ಪದರಗಳ ಜೆಟ್, ಅಂದರೆ ನಡುವೆ ವೇಗದ ಬೆನ್ನೆಲುಬು, ಸುತ್ತ ನಿಧಾನದ ಕವಚ. ಗಾಮಾ ನಡುವಿನಿಂದ, ರೇಡಿಯೋ ಕವಚದಿಂದ. ಇದು ಬರಿಯ ಊಹೆಯಲ್ಲ, ಏಕೆಂದರೆ ಮಾರ್ಕೇರಿಯನ್ 501 ಮತ್ತು ಎಂ87ರ ನಕ್ಷೆಗಳಲ್ಲಿ ಜೆಟ್‌ನ ಎರಡೂ ಅಂಚುಗಳು ಬೆಳಗಿ ನಡುವು ಮಂಕಾಗಿ ಕಾಣುತ್ತದೆ. ವೇಗದ ನಡುಭಾಗ ತನ್ನ ಬೆಳಕನ್ನು ನಮ್ಮನ್ನು ಮುಟ್ಟದಷ್ಟು ಕಿರಿದಾದ ಶಂಕುವಿನೊಳಗೆ ಚೆಲ್ಲಿದರೆ ಕಾಣಬೇಕಾದದ್ದು ಹೀಗೆಯೇ. ಜೆಟ್ ಮುಂದೆ ಸಾಗುತ್ತ ವೇಗ ಕಳೆದುಕೊಳ್ಳುತ್ತದೆ ಎನ್ನುವವರೂ ಇದ್ದಾರೆ, ಅದನ್ನು ತಳ್ಳಿಹಾಕಲಾರೆ.

ಸಪ್ತರ್ಷಿ

ಬಾಹ್ಯರೇಖೆ ಅವರ ‘ಒಂದೇ ವಿಳಾಸವಲ್ಲ’ ಎಂಬ ಮಾತಿಗೆ ನನ್ನಲ್ಲಿ ಪುರಾವೆ ಇದೆ. ಸೆಂಟಾರಸ್ ಎ ಬ್ಲೇಜಾರ್ ಅಲ್ಲ, ಅದರ ಜೆಟ್ ನಮ್ಮಿಂದ ಓರೆಯಾಗಿದೆ. ಆದರೆ ದೂರ 1.2 ಕೋಟಿ ಜ್ಯೋತಿರ್ವರ್ಷವಷ್ಟೇ. ಅದರ ರೇಡಿಯೋ ಹಾಲೆಗಳು ಆಕಾಶದಲ್ಲಿ ಹಲವು ಡಿಗ್ರಿ ಚಾಚಿಕೊಂಡಿರುವುದರಿಂದ ಮಸುಕುಗಣ್ಣಿನ ಲ್ಯಾಟ್ ಕೂಡ ಅವನ್ನು ಬಿಡಿಸಿ ಕಂಡಿತು, 2010ರಲ್ಲಿ. ಗಾಮಾ ಬರುತ್ತಿರುವುದು ಕೋರ್‌ನಿಂದ ಮಾತ್ರವಲ್ಲ, ಆ ಹಾಲೆಗಳಿಂದಲೂ! ಅಲ್ಲಿನ ಎಲೆಕ್ಟ್ರಾನ್‌ಗಳು ಬ್ರಹ್ಮಾಂಡದ ಹಿನ್ನೆಲೆ ವಿಕಿರಣದ ಫೋಟಾನ್‌ಗಳನ್ನು ಗಾಮಾ ಮಟ್ಟಕ್ಕೆ ಏರಿಸುತ್ತಿವೆ. 2020ರಲ್ಲಿ ಹೆಸ್ ತಂಡ ಅದೇ ಗೆಲಾಕ್ಸಿಯ ಟೆರಾ ಎಲೆಕ್ಟ್ರಾನ್‌ವೋಲ್ಟ್ ಬೆಳಕು ಜೆಟ್‌ನ ಉದ್ದಕ್ಕೂ ಚಾಚಿದೆ ಎಂದು ತೋರಿಸಿತು. ಅಂದರೆ ಬುಡದಿಂದ ಸಾವಿರಾರು ಜ್ಯೋತಿರ್ವರ್ಷ ಆಚೆಗೂ ಎಲೆಕ್ಟ್ರಾನ್‌ಗಳು ಹೊಸದಾಗಿ ವೇಗ ಪಡೆಯುತ್ತಿವೆ. ಅಷ್ಟು ಶಕ್ತಿಯ ಎಲೆಕ್ಟ್ರಾನ್ ಬುಡದಿಂದ ಅಲ್ಲಿಯವರೆಗೆ ಶಕ್ತಿ ಉಳಿಸಿಕೊಂಡು ಬರಲಾರದು.

ಹೊಸಹೆಜ್ಜೆ ಅವರಿಗಾಗಿ ಇನ್ನೊಂದು. 2017ರ ಸೆಪ್ಟೆಂಬರ್ 22ರಂದು ದಕ್ಷಿಣ ಧ್ರುವದ ಐಸ್‌ಕ್ಯೂಬ್ ಹಿಡಿದ ನ್ಯೂಟ್ರಿನೋ ಬಂದ ದಿಕ್ಕಿನಲ್ಲಿ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್ ಗಾಮಾದಲ್ಲಿ ಭುಗಿಲೆದ್ದಿತ್ತು. ಆ ನಂಟು ನಿಜವಾದರೆ ಜೆಟ್‌ನಲ್ಲಿ ಎಲೆಕ್ಟ್ರಾನ್‌ಗಳಷ್ಟೇ ಅಲ್ಲ, ಪ್ರೋಟಾನ್‌ಗಳೂ ವೇಗ ಪಡೆಯುತ್ತಿವೆ. ಅದಕ್ಕೆ ಬೇರೆಯೇ ಚರ್ಚೆ ಬೇಕು.

ಸಂಜೆಚುಕ್ಕಿ

ಸೆಂಟಾರಸ್ ಎ ಹಾಲೆಗಳ ಗಾಮಾ ಚಿತ್ರವನ್ನು ಈಗಷ್ಟೇ ನೋಡಿದೆ. ಒಂದೇ ಮಚ್ಚೆಯನ್ನು ದಿಟ್ಟಿಸುತ್ತಿದ್ದ ನನಗೆ ಅಲ್ಲಿ ಆಕಾರ ಕಂಡಿದ್ದು ದೊಡ್ಡ ಸಂತೋಷ. ಮೊಜಾವೆಯ 3ಸಿ 279 ನಕ್ಷೆಗಳು ಎಲ್ಲರಿಗೂ ಮುಕ್ತವಾಗಿವೆಯಂತೆ. ಹತ್ತು ವರ್ಷಗಳದ್ದನ್ನು ಇಳಿಸಿಕೊಂಡು ಗಂಟುಗಳ ದೂರವನ್ನು ನಾನೇ ಅಳೆದು, ಪ್ರಖರತೆ ಕಾಲಕಾಲಕ್ಕೆ ಹೇಗೆ ಏರಿಳಿಯಿತೆಂದು ತೋರಿಸುವ ಫರ್ಮಿಯ ಬೆಳಕಿನ ರೇಖೆಯ ಪಕ್ಕದಲ್ಲಿಟ್ಟು ನೋಡಬೇಕೆಂದಿದ್ದೇನೆ. ಎಲ್ಲಿ ಎಚ್ಚರ ಬೇಕು?

ಬಾಹ್ಯರೇಖೆ

ದೂರವನ್ನು ಕೋರ್‌ನಿಂದ ಅಳೆಯುತ್ತೀರಿ, ಆದರೆ ಭುಗಿಲಿನ ಸಮಯದಲ್ಲಿ ಸಾಂದ್ರತೆ ಏರಿ ಕೋರ್ ತಾನೇ ಜೆಟ್‌ನ ಗುಂಟ ಮುಂದಕ್ಕೆ ಸರಿಯಬಹುದು. ಆಗ ಎಲ್ಲ ಗಂಟುಗಳೂ ಒಟ್ಟಿಗೆ ಹಿಂದಕ್ಕೆ ಬಂದಂತೆ ಕಾಣುತ್ತದೆ. ಹಾಗೆ ಕಂಡರೆ ಗಂಟುಗಳನ್ನು ಅನುಮಾನಿಸಬೇಡಿ, ಕೋರ್ ಅನ್ನು ಅನುಮಾನಿಸಿ. ಎರಡು ನಕ್ಷೆಗಳ ನಡುವೆ ಬಹಳ ತಿಂಗಳ ಅಂತರವಿದ್ದರೆ ಒಂದು ಗಂಟನ್ನು ಇನ್ನೊಂದೆಂದು ತಪ್ಪಾಗಿ ಗುರುತಿಸುವ ಅಪಾಯವೂ ಇದೆ, ಆದ್ದರಿಂದ ನಕ್ಷೆಗಳು ದಟ್ಟವಾಗಿರುವ ವರ್ಷಗಳಿಂದ ಶುರು ಮಾಡಿ. ಅಳೆದ ಅಂಕಿಗಳನ್ನು ಇಲ್ಲೇ ಹಾಕಿ, ನನ್ನವುಗಳ ಜೊತೆ ತಾಳೆ ನೋಡುತ್ತೇನೆ.